ಕಿಡಿ ಯಾರದು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ರೊಟ್ಟಿ ಮಾರುವವಳು ದೊಡ್ಡ ರೊಟ್ಟಿ ಕೊಟ್ಟರೆ ಒಳಗೆ ಬರೀ ಗಾಳಿ ಇರಬೇಕು ಎಂದು ಅವಳೆದುರಿಗೇ ಮುರಿದು ನೋಡುತ್ತೇನೆ. ಪಾದ್ರಿ ನನ್ನನ್ನು ಹೊಗಳಿದರೆ ಚರ್ಚಿನ ಮಾಡು ಸೋರುತ್ತಿರಬೇಕು ಅಂದುಕೊಳ್ಳುತ್ತೇನೆ. ಗಂಡ ಬದುಕಿದ್ದಾಗ ಅವನು ಸುಮ್ಮನೆ ನಕ್ಕರೂ ಏನು ಮಾಡಿ ಬಂದೆ ಎಂದು ಕೇಳುತ್ತಿದ್ದೆ. ಹತ್ತರಲ್ಲಿ ಏಳು ಸಲ ಏನಾದರೂ ಮಾಡಿಯೇ ಬಂದಿರುತ್ತಿದ್ದ. ಹೀಗಾಗಿ ಹಸಿಂತಾಳ ಕೈಯಿಂದ ನನಗೆ ಕಿಡಿ ಹಾರಿದ ದಿನ ಅವಳ ಮೇಲೆ ಅನುಮಾನ ಪಡುವುದಕ್ಕೆ ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಅದು ಜೂನ್ ತಿಂಗಳು. ನಮ್ಮ ಕಲಾಪಾಂಪಾದಲ್ಲಿ ಜೂನ್ ಎಂದರೆ ಮೂಗಿನ ಒಳಗೂ ಚರ್ಮ ಒಡೆಯುವ ಒಣ ಚಳಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಸಿಂತಾ ಎಲ್ಲರಿಗೂ ಕೋಕಾ ಎಲೆಯ ಚಹಾ ಹಂಚುತ್ತಿದ್ದಳು. ನಾನು ಯಂತ್ರದ ಬಾಯಿಗೆ ಅಲ್ಪಾಕಾ ಉಣ್ಣೆ ಕೊಡುವುದನ್ನು ನಿಲ್ಲಿಸಿ, ಅವಳು ಹಿಡಿದಿದ್ದ ತಗಡಿನ ಲೋಟಕ್ಕೆ ಕೈ ಚಾಚಿದೆ. ಬೆರಳು ತಾಗುವ ಮೊದಲೇ ಚಟ್ ಎಂದು ನೀಲಿ ಕಿಡಿಯೊಂದು ಹಾರಿತು. ಲೋಟ ಬಿತ್ತು, ಚಹಾ ನನ್ನ ಲಂಗದ ಮೇಲೆ ಚೆಲ್ಲಿತು. ಹಸಿಂತಾ ಕೈ ಹಿಂದಕ್ಕೆಳೆದುಕೊಂಡು ಹಾಗೇ ನಿಂತಳು. ಅವಳ ಮುಖ ಬಿಳಿಚಿಕೊಂಡಿತ್ತು. ಸಿಕ್ಕಿಬಿದ್ದ ಕಳ್ಳಿಯ ಮುಖ ಹೀಗೇ ಇರುತ್ತದೆ ಎಂದು ನನಗೆ ಅನ್ನಿಸಿತು.

ನಮ್ಮದು ಹನ್ನೊಂದು ಹೆಂಗಸರ ಉಣ್ಣೆ ಸಂಘ. ಹಳೆಯ ಶಾಲೆಯ ಮಣ್ಣು ನೆಲದ ಹಜಾರವೇ ನಮ್ಮ ಕಾರ್ಖಾನೆ. ಮೊದಲೆಲ್ಲ ಉಣ್ಣೆಯನ್ನು ಕೈಯಿಂದಲೇ ಹಿಂಜುತ್ತಿದ್ದೆವು. ನಾಲ್ಕು ವರ್ಷ ಕಾಗದಪತ್ರ ಹಿಡಿದುಕೊಂಡು ಅಲೆದ ಮೇಲೆ, ಮೇ ತಿಂಗಳಲ್ಲಿ ಒರುರೋ ಪಟ್ಟಣದಿಂದ ಲಾರಿಯಲ್ಲಿ ಹಿಂಜುವ ಯಂತ್ರ ಬಂತು. ಅದಕ್ಕೆ ಕಾಗದದ ಹೂವಿನ ಹಾರ ಹಾಕಿದೆವು, ಭೂಮಿತಾಯಿಗೆ ಮದ್ಯ ಎರೆದೆವು, ಬ್ಯಾಂಡಿನವರನ್ನೂ ಕರೆಸಿದೆವು. ಯಂತ್ರ ಕೊಟ್ಟವರು ಅದರ ಜೊತೆಗೇ ಮೊಣಕಾಲಿನವರೆಗೆ ಬರುವ ಬಿಳಿ ಪ್ಲಾಸ್ಟಿಕ್ ಬೂಟುಗಳನ್ನೂ ಕೊಟ್ಟಿದ್ದರು. ಸರಿಯಾಗಿ ಹನ್ನೊಂದು ಜೊತೆ. ಕೆಲಸಕ್ಕೆಂದು ಕೊಟ್ಟದ್ದು ಅವು; ನಾವು ಸಂತೆಗೂ ಪೂಜೆಗೂ ಅವನ್ನೇ ಹಾಕಿಕೊಂಡು ಹೋಗುತ್ತಿದ್ದೆವು. ದೂರದಿಂದ ಬಿಳಿ ಬೂಟು ಕಂಡರೆ ಸಂಘದವರು ಬಂದರು ಎಂದು ಜನ ದಾರಿ ಬಿಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬಹಳ ಹಿತವಾಗಿತ್ತು.

ಹಸಿಂತಾ ಬಂದದ್ದೂ ಅದೇ ವಾರ. ಅವಳ ಗಂಡ ನಮ್ಮೂರಿನವನೇ, ತವರದ ಗಣಿಯ ದೂಳು ಕುಡಿದು ಎದೆ ಕೆಟ್ಟು ಸತ್ತ. ಅವನು ಬಿಟ್ಟುಹೋದ ಎರಡು ಕೋಣೆಯ ಮನೆಗೆ ಇವಳು ಪೊತೊಸಿ ಕಡೆಯ ತನ್ನ ಕಣಿವೆಯಿಂದ ಒಂದು ಗಂಟು ಹೊತ್ತುಕೊಂಡು ಬಂದಿದ್ದಳು. ಗಂಡನ ಅಣ್ಣ ಗುಮೆರ್ಸಿಂದೋಗೆ, ಅವನ ಹೆಂಡತಿಯೂ ನಮ್ಮ ಸಂಘದವಳೇ, ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಮಕ್ಕಳಿಲ್ಲದ ವಿಧವೆಗೆ ಇಲ್ಲಿ ಏನು ಕೆಲಸ, ಅವಳು ಯಾರು ನಮ್ಮೂರಿಗೆ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ. ಸಂಘ ಅವಳನ್ನು ಸೇರಿಸಿಕೊಂಡರೆ ಅವಳು ಊರಿನವಳಾಗುತ್ತಾಳೆ, ಮನೆ ಅವಳದಾಗಿ ಉಳಿಯುತ್ತದೆ. ಇಲ್ಲವಾದರೆ ಗಂಟು ಕಟ್ಟಿಕೊಂಡು ವಾಪಸು ಹೋಗುವುದೇ ಸರಿ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಮೂರು ತಿಂಗಳು ಕೆಲಸ ಮಾಡಿ ತೋರಿಸಬೇಕು, ಆಗಸ್ಟಿನ ಮೊದಲ ಶುಕ್ರವಾರ ಮತ ಹಾಕುತ್ತೇವೆ ಎಂದು ನಮ್ಮ ಅಧ್ಯಕ್ಷೆ ಎಲೂತೇರಿಯಾ ಅವಳಿಗೆ ಹೇಳಿದ್ದಳು. ಅಲ್ಲಿಯವರೆಗೆ ಬೂಟಿಲ್ಲ. ಅವಳು ತನ್ನ ಕಣಿವೆಯ ಕಡೆಯ ಹಸಿ ತೊಗಲಿನ ಚಪ್ಪಲಿಯಲ್ಲೇ ಕೆಲಸ ಮಾಡುತ್ತಿದ್ದಳು. ಬೆವರು ಹೀರಿ ಹೀರಿ ಕಪ್ಪಾದ ಚಪ್ಪಲಿ.

ನನಗೆ ಕಿಡಿ ಹಾರಿದ ಮೇಲೆ ನೋಡನೋಡುತ್ತಲೇ ಎಲ್ಲರಿಗೂ ಹಾರತೊಡಗಿತು. ಯಾರು ಹಸಿಂತಾಳನ್ನು ಮುಟ್ಟಿದರೂ ಚಟ್. ಅವಳ ಕೈಯಿಂದ ಕತ್ತರಿ ತೆಗೆದುಕೊಂಡರೂ ಚಟ್. ನಾವು ಬೂಟಿನವರು ದಿನವಿಡೀ ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು ಕೆಲಸ ಮಾಡಿದರೂ ಏನೂ ಆಗುತ್ತಿರಲಿಲ್ಲ. ಚಳಿಗಾಲದಲ್ಲಿ ಕಂಬಳಿ ಚಟಪಟ ಎನ್ನುವುದು, ಅಂಗಿ ತೆಗೆಯುವಾಗ ಕೂದಲು ಎದ್ದು ನಿಲ್ಲುವುದು ನಮಗೆ ಹೊಸದಲ್ಲ. ಆದರೆ ಮನುಷ್ಯರೊಬ್ಬರು ಹೀಗೆ ಹೊಡೆಯುವುದನ್ನು ನಾವು ಕಂಡಿರಲಿಲ್ಲ.

ಯಂತ್ರದ ಕಬ್ಬಿಣವೂ ಕುಟುಕುತ್ತಿತ್ತು. ಕರೆಂಟು ಸೋರುತ್ತಿರಬೇಕೆಂದು ಎಲೂತೇರಿಯಾ ಒರುರೋದಿಂದ ಎಲೆಕ್ಟ್ರೀಶಿಯನ್ನನ್ನು ಕರೆಸಿದಳು. ಅವನು ತಂತಿ ಬಿಚ್ಚಿದ, ಕಟ್ಟಿದ, ಟೆಸ್ಟರ್ ಹಚ್ಚಿ ನೋಡಿದ, ಯಂತ್ರ ಚಿನ್ನದಂತಿದೆ ಎಂದು ಹೇಳಿ ಊಟ ಮಾಡಿ ಹೋದ. ನಮಗೆ ಅದೇ ಬೇಕಾಗಿತ್ತು. ನಾಲ್ಕು ವರ್ಷ ಕಾದು ತಂದ ಯಂತ್ರದ ಮೇಲೆ ಅನುಮಾನ ಪಡಲು ಯಾರಿಗೂ ಮನಸ್ಸಿರಲಿಲ್ಲ. ಮೂರು ವಾರದ ಹಿಂದೆ ಬಂದ ವಿಧವೆಯ ಮೇಲಾದರೆ ಎಷ್ಟು ಬೇಕಾದರೂ ಪಡಬಹುದಿತ್ತು.

ಆಮೇಲೆ ನಾನು ಒಂದು ವಿಷಯ ಪತ್ತೆ ಮಾಡಿದೆ. ಯಂತ್ರ ನಮ್ಮೆಲ್ಲರನ್ನೂ ಕುಟುಕುತ್ತದೆ, ಹಸಿಂತಾಳನ್ನು ಮಾತ್ರ ಕುಟುಕುವುದಿಲ್ಲ. ಎರಡು ದಿನ ಕಣ್ಣು ಕೀಲಿಸಿ ನೋಡಿದೆ. ಅವಳು ಎಣ್ಣೆ ಬಿಡುತ್ತಾಳೆ, ಉರುಳೆ ಒರೆಸುತ್ತಾಳೆ, ಕಬ್ಬಿಣಕ್ಕೆ ಒರಗಿಯೂ ನಿಲ್ಲುತ್ತಾಳೆ, ಏನೂ ಇಲ್ಲ. "ಸಾಕಿದವಳನ್ನ ನಾಯಿ ಕಚ್ಚತ್ತಾ?" ಎಂದು ನಾನೇ ಎಲ್ಲರ ಮುಂದೆ ಹೇಳಿದೆ. ಆ ಮಾತು ಹಜಾರದಿಂದ ಸಂತೆಗೆ, ಸಂತೆಯಿಂದ ಊರಿಗೆ ಹೋಯಿತು. ಅವಳ ಕುತ್ತಿಗೆಯ ಮೇಲೆ ಅಂಗೈಯಗಲದ ಸುಟ್ಟ ಕಲೆ ಇತ್ತು. ಅದು ಸಿಡಿಲು ಬಡಿದ ಕಲೆ, ಸಿಡಿಲು ಇನ್ನೂ ಅವಳ ರಕ್ತದಲ್ಲೇ ಕೂತಿದೆ, ಅದನ್ನು ಮುಚ್ಚಿಟ್ಟುಕೊಂಡು ಬಂದಿದ್ದಾಳೆ ಎಂದು ಗುಮೆರ್ಸಿಂದೋ ಹೇಳಿದ. ನಮ್ಮಲ್ಲಿ ಸಿಡಿಲು ಬಡಿದು ಬದುಕಿದವರು ಅದನ್ನು ಬಹಿರಂಗವಾಗಿ ಹೇಳಿ, ಹಿರಿಯರಿಂದ ಮಾಡಿಸಬೇಕಾದ್ದನ್ನು ಮಾಡಿಸಿಕೊಳ್ಳಬೇಕು. ಮುಚ್ಚಿಟ್ಟರೆ ಸುತ್ತಲಿನವರಿಗೆ ಕೇಡು. ನಾನು ತಲೆಯಾಡಿಸಿದೆ.

ಮತ ಹಾಕುವ ನಮ್ಮ ಕ್ರಮ ಅಜ್ಜಿಯರ ಕಾಲದ್ದು. ಸಭೆಗೆ ನಾಲ್ಕು ದಿನ ಮೊದಲು, ಸೋಮವಾರ, ಕಿರಿದಾದ ಕತ್ತಿನ ಮಣ್ಣಿನ ಮಡಕೆಯೊಂದನ್ನು ಹಜಾರದ ಮೂಲೆಯಲ್ಲಿಡುತ್ತೇವೆ. ಬೇಕು ಎನ್ನುವವರು ಒಂದು ತುಂತಾ ಹಾಕಬೇಕು, ಬೇಡ ಎನ್ನುವವರು ಒಂದು ಚುನ್ಯೋ. ಎರಡೂ ಹಿಮದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಆಲೂಗಡ್ಡೆಯೇ. ಹೊಳೆಯಲ್ಲಿ ನೆನೆಸಿ ತೊಳೆದದ್ದು ಬಿಳಿ ತುಂತಾ, ತೊಳೆಯದ್ದು ಕಪ್ಪು ಚುನ್ಯೋ. ಮುಷ್ಟಿ ಒಳಗಿಟ್ಟು ಬಿಡುವುದರಿಂದ ಯಾರು ಏನು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ. ಒಮ್ಮೆ ಹಾಕಿದ್ದನ್ನು ವಾಪಸು ತೆಗೆಯುವಂತಿಲ್ಲ. ಶುಕ್ರವಾರ ಮಡಕೆ ಬೋರಲು ಹಾಕಿದಾಗ ಕಪ್ಪು ಮೂರಾದರೆ ಬಂದವಳು ಹೊರಗೆ.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ನಾನು ಕಪ್ಪು ಹಾಕಿದೆ. ಹಾಕಿ ಕೈ ಒರೆಸಿಕೊಂಡು ಬಂದು ಕೆಲಸಕ್ಕೆ ಕೂತೆ.

ಮಂಗಳವಾರ ಬೆಳಿಗ್ಗೆ ಗುಮೆರ್ಸಿಂದೋ ನನ್ನ ಬಾಗಿಲಿಗೆ ಬಂದ. ಹೆಗಲ ಮೇಲೆ ಅರ್ಧ ಮೂಟೆ ಒಳ್ಳೆಯ ತುಂತಾ. ಹಲ್ಲು ಬಿಟ್ಟುಕೊಂಡು, ನಿಮ್ಮಂಥ ತಿಳಿದವರು ಸಂಘದಲ್ಲಿರುವುದು ಊರಿನ ಪುಣ್ಯ, ಇದು ನಮ್ಮ ಹೊಲದ್ದು, ಇಟ್ಟುಕೊಳ್ಳಿ ಎಂದ. ಮೂವತ್ತು ವರ್ಷ ನೆರೆಮನೆಯಲ್ಲಿದ್ದು ಒಂದು ಹಿಡಿ ಉಪ್ಪು ಕೊಟ್ಟವನಲ್ಲ. ನನ್ನ ಗಂಡನ ಹೆಣ ಎತ್ತುವಾಗ ಹೊಟ್ಟೆನೋವು ಎಂದು ಮಲಗಿದ್ದವನು. ಮೂಟೆ ಇಳಿಸಿಕೊಂಡೆ, ಬಂದದ್ದನ್ನು ಬೇಡ ಎನ್ನುವುದು ನನ್ನ ಜಾಯಮಾನವಲ್ಲ. ಅವನು ತಿರುಗಿ ಹೋಗುವಾಗ ಅವನ ಬೆನ್ನನ್ನೇ ನೋಡುತ್ತಾ ನಿಂತೆ. ನಾನು ಹಾಕಿದ್ದು ಕಪ್ಪು ಎಂದು ಇವನಿಗೆ ಯಾರು ಹೇಳಿದರು? ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಬಾಯೇ ಎರಡು ತಿಂಗಳಿಂದ ಹೇಳುತ್ತಿತ್ತು. ಸಿಡಿಲಿನ ಕಥೆ ಕಟ್ಟಿದವನು ಇವನು, ಅದನ್ನು ಊರೆಲ್ಲ ಹಂಚಿದವಳು ನಾನು, ಮನೆ ಸಿಗುವುದು ಇವನಿಗೆ. ನನ್ನನ್ನು ಕೂಲಿಯಾಳು ಮಾಡಿಕೊಂಡು ಅರ್ಧ ಮೂಟೆ ಕೂಲಿ ಕೊಟ್ಟು ಹೋಗಿದ್ದ. ಮೈ ಉರಿದುಹೋಯಿತು. ನನಗೆ ಹಸಿಂತಾಳ ಮೇಲೆ ಪ್ರೀತಿ ಉಕ್ಕಿತು ಎಂದು ಯಾರೂ ತಿಳಿಯಬೇಡಿ. ನನ್ನ ಅನುಮಾನ ನನ್ನದಾಗಿರಬೇಕು, ಇನ್ನೊಬ್ಬನ ಹೊಲ ಉಳುವುದಕ್ಕಲ್ಲ. ನಿಜ ಏನೆಂದು ನಾನೇ ನೋಡಿಬಿಡುತ್ತೇನೆ ಎಂದು ಹೊರಟೆ.

ಬುಧವಾರ ಮಧ್ಯಾಹ್ನ ಎಲ್ಲರೂ ಬಿಸಿಲಿನಲ್ಲಿ ಉಣ್ಣಲು ಹೊರಗೆ ಹೋದರು. ಹಸಿಂತಾಳನ್ನು ಯಾರೂ ಜೊತೆಗೆ ಕರೆಯುತ್ತಿರಲಿಲ್ಲವಾದ್ದರಿಂದ ಅವಳು ಒಳಗೇ ಕೂತು ಹುರಿದ ಜೋಳ ತಿನ್ನುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತೆ. ಕುತ್ತಿಗೆಯ ಕಲೆ ಏನು ಎಂದು ಕೇಳಿದೆ. ಚಿಕ್ಕವಳಿದ್ದಾಗ ಕುದಿಯುವ ಕೊಬ್ಬು ಮೇಲೆ ಬಿತ್ತು ಎಂದಳು. ಚಪ್ಪಲಿ ಬಿಚ್ಚು ಎಂದೆ.

"ಚಪ್ಪಲಿ ಒಳಗೆ ಸಿಡಿಲು ಬಚ್ಚಿಟ್ಕೊಂಡಿದೀನಿ ಅನ್ಕೊಂಡ್ರಾ, ದೋನ್ಯಾ ಸತುರ್ನೀನಾ?"

"ಮಾತು ಬೇಡ, ಬಿಚ್ಚು."

ಬಿಚ್ಚಿ ಮುಂದಿಟ್ಟಳು. ನಾನು ಕೂತು ಅದರ ಹೊಲಿಗೆಯನ್ನೆಲ್ಲ ಉಗುರಿನಿಂದ ಕೆದಕಿದೆ, ಮೂಸಿದೆ, ಬಗ್ಗಿಸಿದೆ. ಲಾಮಾ ಪ್ರಾಣಿಯ ತೊಗಲು, ಅದಕ್ಕೊಂದು ತೇಪೆ, ಅಷ್ಟೇ. ತಾಯಿತವಿಲ್ಲ, ತಗಡಿಲ್ಲ. ಅವಳು ಬರಿಗಾಲು ಮಣ್ಣಿನ ಮೇಲಿಟ್ಟು ನನ್ನನ್ನೇ ನೋಡುತ್ತಿದ್ದಳು. ದನಿ ಎತ್ತದೆ, "ನಂಗೂ ಹೊಡಿಯತ್ತೆ ದೋನ್ಯಾ. ನೀವು ಮುಟ್ಟಿದಾಗ ನಿಮಗೆ ಒಂದ್ಸಲ ಹೊಡಿಯತ್ತೆ. ನಂಗೆ ಹನ್ನೊಂದು ಜನ ಮುಟ್ಟಿದ್ರೆ ಹನ್ನೊಂದು ಸಲ. ಒಬ್ರೂ ಕೇಳ್ಲಿಲ್ಲ" ಎಂದಳು.

ಕಿಡಿ ಇಬ್ಬರ ನಡುವೆ ಹಾರುತ್ತದೆ. ಅದು ಅವಳಿಂದ ನನಗೆ ಬಂತೋ ನನ್ನಿಂದ ಅವಳಿಗೆ ಹೋಯಿತೋ ನೋಡಿದವರು ಯಾರು? ಮೊದಲ ದಿನ ಅವಳ ಮುಖ ಬಿಳಿಚಿಕೊಂಡದ್ದು ನೆನಪಾಯಿತು. ಹನ್ನೊಂದು ಜನ ಒಂದೇ ಮಾತು ಹೇಳಿದೆವು, ಅವಳು ಒಬ್ಬಳು, ಅಷ್ಟಕ್ಕೇ ಅದು ಅವಳದಾಗಿಬಿಟ್ಟಿತ್ತು. ಆದರೂ ಅಷ್ಟು ಬೇಗ ಸೋಲುವವಳಲ್ಲ ನಾನು. ಈ ಚಪ್ಪಲಿ ಇಲ್ಲದೆ ನೀನು ಹೇಗಿರುತ್ತೀ ನೋಡೋಣ ಎಂದು ನನ್ನ ಬೂಟು ಬಿಚ್ಚಿ ಅವಳಿಗೆ ಕೊಟ್ಟೆ, ಅವಳ ಚಪ್ಪಲಿಯನ್ನು ನಾನು ಮೆಟ್ಟಿಕೊಂಡೆ.

ಊಟ ಮುಗಿಸಿ ಬಂದವರು ಹಸಿಂತಾಳ ಕಾಲಲ್ಲಿ ಬಿಳಿ ಬೂಟು ಕಂಡು ಗುಜುಗುಜು ಶುರುಮಾಡಿದರು. ಬೂಟು ನನಗೆ ಬಿಗಿ, ಸಡಿಲವಾಗಲಿ ಎಂದು ಹಾಕಿಸಿದ್ದೇನೆ ಎಂದು ಗದರಿದೆ. ಯಂತ್ರ ಶುರುವಾಯಿತು. ಇಬ್ಬರೂ ಅಕ್ಕಪಕ್ಕ ನಿಂತು ಉಣ್ಣೆ ಕೊಟ್ಟೆವು. ಅರ್ಧ ಗಂಟೆಯಾಗಿರಬೇಕು, ಹಸಿಂತಾ ಉರುಳೆಯ ಕಬ್ಬಿಣ ಮುಟ್ಟಿದವಳು ಅಯ್ಯಮ್ಮಾ ಎಂದು ಕೈ ಕೊಡವಿದಳು. ಮೇ ತಿಂಗಳಿಂದ ಇದೇ ಮೊದಲು ಯಂತ್ರ ಅವಳನ್ನು ಕುಟುಕಿದ್ದು. ನಾನು ಅದೇ ಕಬ್ಬಿಣದ ಮೇಲೆ ಅಂಗೈ ಇಟ್ಟೆ. ತಣ್ಣಗೆ, ಸುಮ್ಮನಿತ್ತು. ಅಷ್ಟರಲ್ಲಿ ಎಲೂತೇರಿಯಾ ಸಿಟ್ಟಿನಿಂದ ಬಂದು, ಇದೇನು ನಿನ್ನ ಆಟ, ಮತ ಹಾಕುವ ಮೊದಲೇ ಬೂಟು ಹಂಚುತ್ತೀಯಾ ಎಂದು ನನ್ನ ಮೊಣಕೈ ಹಿಡಿದಳು. ಚಟ್ ಎಂದಿತು. ಅವಳು ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

ಹತ್ತು ಜೊತೆ ಕಣ್ಣು ನನ್ನ ಮೇಲೆ. ಹೊಡೆತ ನನಗೂ ಬಿದ್ದಿತ್ತು, ಮೊಣಕೈ ಜುಮ್ಮೆನ್ನುತ್ತಿತ್ತು. ಹೇಳೋಣವೆಂದು ಬಾಯಿ ತೆರೆದೆ. ಆದರೆ ಆ ಕಣ್ಣುಗಳಲ್ಲಿ ನನ್ನ ಮಾತಿಗೆ ಜಾಗವಿರಲಿಲ್ಲ. ಎಲೂತೇರಿಯಾ ಮತ್ತು ನಾನು ಒಬ್ಬರ ಮಕ್ಕಳಿಗೆ ಒಬ್ಬರು ಜ್ಞಾನಸ್ನಾನದ ತಾಯಂದಿರು, ಕೊಮಾದ್ರೆ ಎಂದೇ ಕರೆಯುವವರು. ಅವಳು ಹತ್ತಿರ ಬಾರದೆ, ಪಿಸುದನಿಯಲ್ಲಿ ಹೇಳಿದಳು.

"ಕೊಮಾದ್ರೆ, ಅವಳದು ನಿಂಗೂ ಅಂಟ್ಕೊಂಡಿದೆ. ಬೂಟು ಹಾಕ್ಕೊ, ಮನೆಗೆ ಹೋಗು. ನಾನೇನೂ ನೋಡಿಲ್ಲ."

ನಾನು ಹೋಗಲಿಲ್ಲ. ಸಂಜೆ ಎಲ್ಲರೂ ಹೋಗುವವರೆಗೆ ಕಾದೆ. ಹಿಂಜಿದ ಉಣ್ಣೆ ತುಂಬುವುದಕ್ಕೆ ನಮ್ಮಲ್ಲಿ ಎರಡು ಅಲ್ಯೂಮಿನಿಯಂ ಕ್ಯಾನುಗಳಿವೆ. ಒಂದನ್ನು ನೆಲದ ಮೇಲಿಡುತ್ತೇವೆ. ಇನ್ನೊಂದು ಬಿಯರ್ ಬಾಟಲಿಯ ಪ್ಲಾಸ್ಟಿಕ್ ಕ್ರೇಟಿನ ಮೇಲಿರುತ್ತದೆ. ನೋಡುವಷ್ಟು ಬೆಳಕಿನ್ನೂ ಕಿಟಕಿಯಲ್ಲಿತ್ತು. ನೆಲದ ಮೇಲಿನ ಕ್ಯಾನು ನುಣ್ಣಗಿತ್ತು. ಕ್ರೇಟಿನ ಮೇಲಿನದಕ್ಕೆ ಹೊರಮೈಯೆಲ್ಲ ನವಿರು ನಾರು ಅಂಟಿಕೊಂಡು ಮುಳ್ಳುಹಂದಿಯ ಹಾಗೆ ನಿಮಿರಿ ನಿಂತಿತ್ತು. ಉಣ್ಣೆ ತೆಗೆದು ಒಳಗೆ ಬಗ್ಗಿ ನೋಡಿದೆ. ಒಳಗೋಡೆಯ ಮೇಲೆ ಒಂದೇ ಒಂದು ನಾರಿಲ್ಲ. ಹಸಿಂತಾಳ ಚಪ್ಪಲಿಯಲ್ಲೇ ನಿಂತು ಬೆರಳು ಚಾಚಿದೆ. ಹಿಡಿಯ ಚೂಪು ತುದಿಯಿಂದಲೇ ಕಿಡಿ ಹಾರಿ ಬೆರಳು ಕಚ್ಚಿತು, ಕಚ್ಚಿದ್ದೇ ತಡ ನಾರೆಲ್ಲ ಸೋತು ಜೋತುಬಿತ್ತು.

ಕ್ರೇಟಿನ ಮೇಲೆ ಕೂತು ಯೋಚಿಸಿದೆ. ಎರಡೂ ಒಂದೇ ಅಂಗಡಿಯ ಕ್ಯಾನು, ಒಂದೇ ಉಣ್ಣೆ ತುಂಬಿದ್ದು. ವ್ಯತ್ಯಾಸ ಕೆಳಗಿನದ್ದು ಮಾತ್ರ. ಉಣ್ಣೆ ತಿಕ್ಕಿದಾಗ ಅದೇನೋ ಹುಟ್ಟುತ್ತದೆ, ಲೋಹಕ್ಕೂ ನಮ್ಮ ಮೈಗೂ ಹತ್ತುತ್ತದೆ, ಹತ್ತಿದ್ದು ಒಳಗೆ ಕೂರುವುದಿಲ್ಲ, ಚರ್ಮದ ಮೇಲೇ ಹರಡಿಕೊಂಡು ನೆಲಕ್ಕಿಳಿಯಲು ದಾರಿ ಹುಡುಕುತ್ತದೆ. ಪ್ಲಾಸ್ಟಿಕ್ ದಾರಿ ಬಿಡುವುದಿಲ್ಲ. ನಾವು ಹನ್ನೊಂದು ಜನ ಬೂಟು ಹಾಕಿಕೊಂಡು ಕ್ರೇಟಿನ ಮೇಲಿನ ಕ್ಯಾನುಗಳಾಗಿದ್ದೆವು. ಹಸಿಂತಾ ಬೆವರಿನ ತೊಗಲಿನಲ್ಲಿ ನೆಲದ ಮೇಲೇ ನಿಂತಿದ್ದಳು, ಅವಳಲ್ಲಿ ಏನೂ ಉಳಿಯುತ್ತಿರಲಿಲ್ಲ. ನಾವು ಹೊತ್ತದ್ದನ್ನೆಲ್ಲ ಅವಳ ಮೇಲೆ ಇಳಿಸಿ, ಅವಳೇ ಹೊಡೆದಳು ಎಂದು ಕೂಗಿದ್ದೆವು. ಊರಿನ ಶಾಲೆಯ ಮೇಷ್ಟ್ರು ಆಮೇಲೆ ಇದಕ್ಕೆ ಸ್ಥಿರವಿದ್ಯುತ್ತು ಎನ್ನುತ್ತಾರೆ ಎಂದು ಹೇಳಿದರು. ಆ ಸಂಜೆ ನನಗೆ ಹೆಸರು ಗೊತ್ತಿರಲಿಲ್ಲ, ನಾಚಿಕೆಯಾಯಿತು ಅಷ್ಟೇ. ನನ್ನ ಕಪ್ಪು ಚುನ್ಯೋ ಮೂಲೆಯ ಮಡಕೆಯ ತಳದಲ್ಲಿತ್ತು. ಮಡಕೆಯ ಹತ್ತಿರ ಹೋಗಿ ನಿಂತೆ. ಒಳಗೆ ಕೈ ಹಾಕಲು ಧೈರ್ಯ ಬರಲಿಲ್ಲ.

ಗುರುವಾರ ಹಸಿಂತಾಳಿಗೆ ಚಪ್ಪಲಿ ವಾಪಸು ಕೊಟ್ಟು, ನನ್ನ ಬೂಟು ಹಾಕಿಕೊಂಡು ಹೋದೆ. ನನ್ನಿಂದ ಯಾರಿಗೂ ಕಿಡಿ ಹಾರಲಿಲ್ಲ. ಆದರೂ ನನ್ನ ಪಕ್ಕ ಯಾರೂ ಕೂರಲಿಲ್ಲ, ನಾನು ಮುಟ್ಟಿದ ಕೆಟಲ್ಲಿನಿಂದ ಯಾರೂ ಚಹಾ ಬಗ್ಗಿಸಿಕೊಳ್ಳಲಿಲ್ಲ. ಅಂಟಿದ್ದು ಬಿಟ್ಟುಹೋಗಿದೆ, ಮತ್ತೆ ಅವಳ ಮೈಗೇ ಸೇರಿದೆ ಎಂದು ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ನಾನು ಬಾಯಿ ಮುಚ್ಚಿಕೊಂಡು ಬೂಟಿನಲ್ಲಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಂದೇ ದಿನ ಆ ಕಣ್ಣುಗಳ ಕೆಳಗೆ ಕೂತು ನನಗೆ ಸಾಕಾಗಿತ್ತು. ಅವಳು ಎರಡು ತಿಂಗಳು ಕೂತಿದ್ದಳು.

ಶುಕ್ರವಾರ ಭೂಮಿತಾಯಿಗೆ ಎರೆದು, ಧೂಪ ಹಾಕಿ, ಹಜಾರದಲ್ಲಿ ಸೇರಿದೆವು. ಹಸಿಂತಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಗಂಟು ಆಗಲೇ ಕಟ್ಟಿ ಕಾಲಬಳಿ ಇಟ್ಟಿತ್ತು. ಗಂಡಸರು ಬಾಗಿಲಲ್ಲಿ ನಿಂತು ನೋಡಬಹುದು, ಮಾತಾಡುವಂತಿಲ್ಲ. ಗುಮೆರ್ಸಿಂದೋ ಎಲ್ಲರಿಗಿಂತ ಮುಂದೆ ಇದ್ದ. ಮಡಕೆ ಬೋರಲು ಹಾಕುವ ಮೊದಲು ನನ್ನದೊಂದು ಮಾತಿದೆ ಎಂದೆ. ಯಂತ್ರ ಓಡಿಸಿ, ಎಲ್ಲರೂ ಒಂದೊಂದು ಕಂತೆ ಉಣ್ಣೆ ಕೊಡಿ ಎಂದು ಹೇಳಿ, ನಾನು ಬೂಟು ಬಿಚ್ಚಿದೆ. ನನ್ನ ಹಿಮ್ಮಡಿಯ ಬಿರುಕು, ಕಪ್ಪು ಉಗುರು ಊರೆಲ್ಲ ನೋಡಿತು. ನೆಲ ಮಂಜುಗಡ್ಡೆಯಂತಿತ್ತು. ಬನ್ನಿ, ಒಬ್ಬೊಬ್ಬರೇ ಮುಟ್ಟಿ ಎಂದೆ. ಮೊದಲನೆಯವಳಿಗೆ ಕಿಡಿ ಹಾರಿತು. ಎರಡನೆಯವಳಿಗೂ ಹಾರಿತು. ನೋಡಿದಿರಾ, ಇವಳ ಮೈಗೂ ಬಂದಿದೆ ಎಂದು ಹಿಂದಿನಿಂದ ಯಾರೋ ಹೇಳಿದರು.

"ಕೊಮಾದ್ರೆ, ನೀನೂ ಬಿಚ್ಚು" ಎಂದೆ ಎಲೂತೇರಿಯಾಗೆ.

"ನಂಗ್ಯಾಕೆ? ಥಂಡಿ ಇದೆ."

"ಅಧ್ಯಕ್ಷೆ ಕಾಲು ನೋಡಿದ್ರೆ ಯಾರೂ ಸಾಯಲ್ಲ. ಬಿಚ್ಚು."

ಗೊಣಗುತ್ತಾ ಬಿಚ್ಚಿದಳು, ಕಾಲುಚೀಲದಲ್ಲಿ ಎರಡು ತೂತಿದ್ದವು. ಬರಿಗಾಲಲ್ಲಿ ಬಂದು ನನ್ನನ್ನು ಮುಟ್ಟಿದಳು. ಏನೂ ಆಗಲಿಲ್ಲ. ಆಮೇಲೆ ಬೂಟಿನಲ್ಲಿದ್ದ ಗುಮೆರ್ಸಿಂದೋನ ಹೆಂಡತಿಯ ಕೈ ಹಿಡಿದಳು. ಚಟ್ ಎಂದದ್ದು ಬಾಗಿಲಿನವರಿಗೂ ಕೇಳಿಸಿತು. ಅಧ್ಯಕ್ಷೆಗೂ ಸಿಡಿಲು ಬಡಿದಿದೆ ಎಂದು ಹೇಳುವ ಗಂಡೆದೆ ಅಲ್ಲಿ ಯಾರಿಗೂ ಇರಲಿಲ್ಲ. ಎಲೂತೇರಿಯಾ ತನ್ನ ಬರಿಗಾಲನ್ನೂ ಅವಳ ಬೂಟನ್ನೂ ಎರಡು ಸಲ ನೋಡಿದಳು. ಅವಳು ಮಂಕಲ್ಲ. ಹಸಿಂತಾಳ ಕಡೆ ಒಮ್ಮೆ ತಿರುಗಿ ನೋಡಿ, ಹಾಗಾದರೆ ಮಡಕೆ ಬಗ್ಗಿಸುತ್ತೇನೆ ಎಂದಳು.

ನೇಯ್ದ ಬಟ್ಟೆಯ ಮೇಲೆ ಹನ್ನೊಂದು ಬಿದ್ದವು. ಎಂಟು ಬಿಳಿ, ಮೂರು ಕಪ್ಪು.

ನಿಜ ಗೊತ್ತಾಗಿತ್ತು, ಆದರೆ ಮತ ಮೊದಲೇ ಬಿದ್ದುಹೋಗಿತ್ತು. ಇದರಲ್ಲಿ ಒಂದು ನನ್ನದು, ನಾನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಉಳಿದ ಎರಡು ಕಪ್ಪಿನವರು ನೆಲ ನೋಡುತ್ತಿದ್ದರು. ಎಲೂತೇರಿಯಾ ತಲೆ ತಗ್ಗಿಸಿಯೇ, ಹಾಕಿದ್ದನ್ನು ತೆಗೆಯುವಂತಿಲ್ಲ ಕೊಮಾದ್ರೆ, ಇವತ್ತು ನಿನಗೆ ಬಿಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ, ಅಜ್ಜಿಯರ ಕಾಲದಿಂದ ಹೀಗೇ ಎಂದಳು. ಅವಳ ಕಣ್ಣು ತುಂಬಿತ್ತು. ಗೋಡೆಯ ಬಳಿ ಹಸಿಂತಾ ಬಗ್ಗಿ ಗಂಟು ಎತ್ತಿಕೊಂಡಳು. ಬಾಗಿಲಲ್ಲಿ ಗುಮೆರ್ಸಿಂದೋ ಟೋಪಿ ಸರಿಮಾಡಿಕೊಂಡ. ಅವನು ಟೋಪಿ ಸರಿಮಾಡಿಕೊಂಡ ರೀತಿ ನೋಡಿ ನನಗೆ ತಡೆಯಲಾಗಲಿಲ್ಲ.

ಮಂಡಿಯೂರಿ, ಬಟ್ಟೆಯ ಮೇಲಿನಿಂದ ಒಂದು ಕಪ್ಪು ಚುನ್ಯೋ ಎತ್ತಿಕೊಂಡು ಬಾಯಿಗೆ ಹಾಕಿಕೊಂಡೆ.

ರಾತ್ರಿಯಿಡೀ ನೆನೆಸಿ, ಗಂಟೆಗಟ್ಟಲೆ ಬೇಯಿಸಿ ತಿನ್ನುವ ಪದಾರ್ಥ ಅದು. ಹಸಿಯದು ಕಲ್ಲು. ಅಗಿದೆ. ಎಡಗಡೆಯ ದವಡೆ ಹಲ್ಲೊಂದು ಕಟಕ್ ಎಂದಿತು. ನಿಲ್ಲಿಸಲಿಲ್ಲ. ಮಣ್ಣು, ಕಹಿ, ರಕ್ತದ ಉಪ್ಪು ಎಲ್ಲ ಸೇರಿ ಗಂಟಲಲ್ಲಿ ಸಿಕ್ಕಿಕೊಂಡಿತು, ಕಣ್ಣಲ್ಲಿ ನೀರು ಬಂತು, ಹನ್ನೊಂದು ಮನೆಯ ಹೆಂಗಸರೂ ಬಾಗಿಲಿನ ಗಂಡಸರೂ ಬಾಯಿ ತೆರೆದು ನೋಡುತ್ತಿದ್ದರು. ಕಡೆಗೂ ನುಂಗಿದೆ.

"ಈಗ ಎಣ್ಸು" ಎಂದೆ.

ಎಲೂತೇರಿಯಾ ಬಟ್ಟೆಯ ಮೇಲೆ ಬೆರಳಾಡಿಸಿದಳು. ಎಂಟು ಬಿಳಿ, ಎರಡು ಕಪ್ಪು, ಹಸಿಂತಾ ಲೈಮೆ ಇವತ್ತಿನಿಂದ ಸಂಘದವಳು ಎಂದು ಹೇಳಿದಳು. ಮಾತಾಡುವಂತಿಲ್ಲದ ಗುಮೆರ್ಸಿಂದೋ ಬಾಗಿಲಿನಿಂದಲೇ, ಹನ್ನೊಂದು ಇರಬೇಕಲ್ಲ, ಹತ್ತೇ ಇದೆಯಲ್ಲ ಎಂದು ಕೂಗಿದ.

"ಸತುರ್ನೀನಾ ಹಾಕೋಕೆ ಮರ್ತಿರ್ಬೇಕು" ಎಂದಳು ಎಲೂತೇರಿಯಾ, ಅವನ ಕಡೆ ನೋಡದೆ. "ವಯಸ್ಸಾಯ್ತಲ್ಲ ಪಾಪ."

ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮುರಿದ ಹಲ್ಲನ್ನು ನಾಲಿಗೆಯಿಂದ ಸವರಿಕೊಳ್ಳುತ್ತಾ ಕೂತಿದ್ದೆ. ಹಸಿಂತಾ ಗಂಟು ಕೆಳಗಿಟ್ಟು ನನ್ನ ಹತ್ತಿರ ಬಂದಳು. ನಾನು ಏಳಲು ಕೈ ಚಾಚಿದೆ. ಅವಳು ಹಿಡಿಯಲಿಲ್ಲ. ಒಂದು ಗೇಣು ದೂರದಲ್ಲೇ ನಿಂತು ಮೊದಲು ನನ್ನ ಲಂಗದ ಅಂಚಿನ ಕೆಳಗೆ ನೋಡಿದಳು. ಬರಿಗಾಲು ಎಂದು ಖಾತ್ರಿ ಮಾಡಿಕೊಂಡ ಮೇಲೆ ಕೈ ಕೊಟ್ಟಳು.